ತಟ್ಟೆಯ ಬೆನ್ನು

ಮಾರುವ ಮನೆಯಲ್ಲಿ ಹಸಿವು ಕಾಣಬಾರದು.
ಬ್ರೆಡ್ಡಿನ ಪುಡಿ, ಗ್ಯಾಸಿನ ಬಿಲ್ಲು, ಫ್ರಿಜ್ಜಿನ ಬಾಗಿಲ ಮೇಲೆ
ಹಲ್ಲಿನ ಡಾಕ್ಟರು ಕೊಟ್ಟ ತಾರೀಖು,
ಎಲ್ಲ ಒಂದೇ ಪೆಟ್ಟಿಗೆಗೆ.
ಆಮೇಲೆ ನಾನು ಮೇಜು ಹಾಸುತ್ತೇನೆ,
ಬಾರದ ಆರು ಜನಕ್ಕೆ.

ಇದು ನನ್ನ ಕಸುಬು.
ವ್ಯಾನಿನಲ್ಲಿ ಬೂದುಬಣ್ಣದ ತಟ್ಟೆಗಳು, ಹೊಳಪಿಲ್ಲದವು,
ನಾಲ್ಕು ವರ್ಷದಿಂದ ಎಂಜಲಾಗದವು;
ಹನ್ನೆರಡು ನಿಂಬೆಹಣ್ಣು, ಒಂಬತ್ತು ಮೇಣದವು.

ಲಾಂಗ್ಟನ್ನಿನ ಆ ಬೀದಿಯಲ್ಲಿ ಮನೆಗಳು ಭುಜಕ್ಕೆ ಭುಜ ತಾಗಿಸಿ ನಿಂತಿವೆ.
ತುದಿಗೆ ಸೀಸೆಯಾಕಾರದ ಹಳೆಯ ಆವಿಗೆ,
ಒಳಗೆ ಪಾರಿವಾಳ.
ಗ್ಲೆನಿಸ್ ಬ್ಲೂರ್, ಐವತ್ತೊಂಬತ್ತು, ದೋಣಿ ಕೊಂಡಿದ್ದಾಳೆ:
ನಲವತ್ತೈದಡಿ ಉದ್ದ, ಅಗಲ ಏಳೂ ಇಲ್ಲ.
"ಇನ್ನು ಕಾಲುವೆಯೇ ಮನೆ. ಕಪಾಟು ಇಷ್ಟೇ" ಎಂದು
ಎರಡು ಅಂಗೈ ದೂರ ಹಿಡಿದು ತೋರಿಸಿದಳು.
"ಎರಡು ತಟ್ಟೆ. ಮೂರನೆಯದಕ್ಕೆ ಜಾಗವಿಲ್ಲ."

ಬೀರುವಿನಲ್ಲಿ ಎಂಬತ್ತೇಳು ಇದ್ದವು.
ಎಲ್ಲ ಎರಡನೇ ದರ್ಜೆ, ಕಾರ್ಖಾನೆ ಬೇಡವೆಂದದ್ದು.
ಇಪ್ಪತ್ತಾರು ವರ್ಷ ಅಂಚಿಗೆ ಚಿನ್ನದ ಗೆರೆ ಹಾಕಿದವಳು.
"ಎಳೆಯುವುದಲ್ಲ ಅದು. ಕುಂಚ ಹಿಡಿದು
ಉಸಿರು ಕಟ್ಟಿ ಸುಮ್ಮನಿರುವುದು.
ತಟ್ಟೆಯೇ ತಿರುಗಿ ಎಳೆದುಕೊಳ್ಳುತ್ತದೆ."

ಒಂದೊಂದೇ ತೆಗೆದಳು.
ಇಲ್ಲಿ ದಪ್ಪವಾಗಿದೆ: ಪಕ್ಕದ ಮೊರೀನ್ ಏನೋ ಪೋಲಿ ಮಾತಾಡಿ ನಗಿಸಿದ್ದು.
ಇಲ್ಲಿ ಹಾರಿದೆ: ಏಳನೇ ತಿಂಗಳು, ಡ್ಯಾರೆನ್ ಒಳಗಿಂದ ಒದ್ದದ್ದು.
ಇದು, ಗೇಟಿಗೆ ಬೀಗ ಬೀಳುತ್ತದೆಂದು ಹೇಳಿದ ಶುಕ್ರವಾರದ್ದು.
ಕಣ್ಣಿಗೆ ಹಿಡಿದು ನೋಡಿದೆ, ಕೂದಲಷ್ಟೂ ಡೊಂಕಿಲ್ಲ.
"ಸಿಟ್ಟು ಬಂದರೆ ನನ್ನ ಕೈ ನಡುಗುವುದಿಲ್ಲ.
ಇದು ಮೊದಲ ದರ್ಜೆ. ಕೋಟಿನೊಳಗೆ ತಂದೆ."

ಚಿನ್ನದಂಚು ಈ ವರ್ಷ ನಡೆಯುವುದಿಲ್ಲ ಎಂದೆ.
ಕೊಳ್ಳುವವರಿಗೆ ಖಾಲಿ ಬೇಕು, ತಾವು ಕೂತದ್ದನ್ನು
ಕಲ್ಪಿಸಿಕೊಳ್ಳುವಷ್ಟು ಖಾಲಿ.
ಅವಳು ವಾದಿಸಲಿಲ್ಲ. ಪತ್ರಿಕೆ ಸುತ್ತಲು ಕೂತಳು.

ಶನಿವಾರ ಹನ್ನೊಂದು ಜನ ಬಂದರು.
ಈ ಊರಿನ ಚಾಳಿ ನನಗೆ ಗೊತ್ತಿರಲಿಲ್ಲ:
ಮದುವೆಯೂಟಕ್ಕೆ ಕೂತರೂ ಬಡಿಸುವ ಮೊದಲು
ತಟ್ಟೆ ಮಗುಚಿ ಬೆನ್ನು ಓದುತ್ತಾರೆ,
ಯಾರ ಆವಿಗೆಯದು ಎಂದು.
ಕಿಟಕಿ ನೋಡಲಿಲ್ಲ, ನೆಲ ತಟ್ಟಲಿಲ್ಲ,
ಬಂದವನೊಬ್ಬ ನೇರ ನನ್ನ ತಟ್ಟೆ ಮಗುಚಿದ.
ಬೆನ್ನ ಮೇಲೆ ಬೆಲೆಯ ಪಟ್ಟೆಗೆರೆ, ಹರಿದ ಅಂಟುಚೀಟಿ.
ಸೊಸೆಯ ಮೊದಲ ಸಾರು ನೆಕ್ಕಿದ ಅತ್ತೆಯಂತೆ
"ಹ್ಞೂಂ" ಎಂದು ಕೆಳಗಿಟ್ಟ.
ಸಂಜೆಯೊಳಗೆ ಹನ್ನೊಂದೂ ಜನ ಮಗುಚಿದರು.

ಭಾನುವಾರ ಬೆಳಗ್ಗೆ ಪೆಟ್ಟಿಗೆ ಬಿಚ್ಚಿದೆ.
ಆರು ತಟ್ಟೆ, ಒಂದರ ಗೆರೆ ಇನ್ನೊಂದರಂತಿಲ್ಲ.
ಮೇಣದ ನಿಂಬೆಗಳನ್ನು ವ್ಯಾನಿಗೆ ಹಾಕಿದೆ.

ಮನೆ ಹೋಯಿತು. ಹಿತ್ತಲ ಗೋಡೆಯ ತೇವಕ್ಕೆ
ಮೂರು ಸಾವಿರ ಮುರಿದುಕೊಂಡು.
ತಟ್ಟೆಯಿಂದಾಯಿತು ಎಂದು ನಾನು ಹೇಳಲಾರೆ;
ಕೊಂಡವಳು ಒಂದನ್ನೂ ಮುಟ್ಟಿರಲಿಲ್ಲ.

ಕೀಲಿ ಕೊಡುವ ದಿನ ಗ್ಲೆನಿಸ್ ಆರಿಸಿದ್ದು ಎರಡು:
ಡ್ಯಾರೆನ್ ಒದ್ದದ್ದು,
ಇನ್ನೊಂದು ನನ್ನ ಬೂದು ತಟ್ಟೆ.
"ಅಡಿ ಭಾರವಾಗಿದೆ. ದೋಣಿ ತೂಗುತ್ತದಲ್ಲ" ಎಂದಳು,
ದುಡ್ಡು ಕೊಡಲಿಲ್ಲ, ನಾನು ಕೇಳಲಿಲ್ಲ.
ವ್ಯಾನಿನ ಸೀಟಿನ ಮೇಲೆ ಪತ್ರಿಕೆ ಸುತ್ತಿದ ಗಂಟು:
ಆ ಶುಕ್ರವಾರ.
ಕೊಟ್ಟಳೋ ಮರೆತಳೋ, ಫೋನು ಮಾಡಿಲ್ಲ.

ಈಗ ಐದು ಜನಕ್ಕೆ ಹಾಸುತ್ತೇನೆ.
ಆರನೆಯ ತಟ್ಟೆ ಯಾವುದೋ ತೂಬಿನ ಹತ್ತಿರ,
ನೀರು ಏರುವುದನ್ನು ಕಾಯುತ್ತ
ಎಂಜಲಾಗುತ್ತಿರಬೇಕು,
ಅಂಚಿಗೆ ಮೊಟ್ಟೆಯ ಹಳದಿ ಒಣಗಿ.